ಟ್ಯಾಂಕಿನೊಳಗೂ ಒಂದು ಸಬ್‌ಮರ್ಸಿಬಲ್

ಡ್ರಿಪ್ ಪೈಪಿನ ಬಗ್ಗೆ ಬರೀತೀನಿ ಅಂದಿದ್ದೆ, ಅದು ಮುಂದಿನ ವಾರಕ್ಕಿರಲಿ. ಈ ವಾರ ಪಿಕಪ್ಪಿನ ಕಥೆ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದ್ಕೊಳ್ಳಿ.

ಹೋದ ಮಂಗಳವಾರ ರಾತ್ರಿ ಎರಡು ಗಂಟೆಗೆ 90 ಬಾಕ್ಸ್ ಟೊಮೇಟೊ ತುಂಬ್ಕೊಂಡು ನಮ್ಮ ಪಿಕಪ್ಪು ಕೋಲಾರದ ಮಂಡಿಗೆ ಹೊರಟಿತ್ತು. ಓಡಿಸ್ತಿದ್ದವನು ನನ್ನ ತಮ್ಮನ ಮಗ. ಇನ್ನು 14 ಕಿಲೋಮೀಟರ್ ಇದೆ ಅನ್ನುವಾಗ ಏರಿನಲ್ಲಿ ಗಾಡಿ ಎಳೆಯೋದು ಕಮ್ಮಿ ಆಯ್ತು, ಎರಡು ಸಲ ಕೆಮ್ಮಿದ ಹಾಗೆ ಮಾಡಿ ನಿಂತೇ ಹೋಯ್ತು. ಫೋನ್ ಮಾಡಿದ. ನಾನು ಮೊದಲು ಕೇಳಿದ್ದೇ "ಡೀಸೆಲ್ ಖಾಲಿ ಮಾಡ್ಕೊಂಡ್ಯಾ?" ಅಂತ. "ಇಲ್ಲ ದೊಡ್ಡಪ್ಪ, ಮುಳ್ಳು ಇನ್ನೂ ಕೆಂಪಿಗೆ ಇಳಿದಿಲ್ಲ" ಅಂದ. ನಂಬಲಿಲ್ಲ ನಾನು. ಬಾಯಿಗೆ ಬಂದಂಗೆ ಬೈದೆ.

ಬೇರೆ ಗಾಡಿ ಸಿಕ್ಕಿ, ಬಾಕ್ಸೆಲ್ಲ ಬದಲಾಯಿಸಿ ಮಂಡಿ ಮುಟ್ಟೋ ಹೊತ್ತಿಗೆ ಹನ್ನೊಂದು ಗಂಟೆ. ಒಳ್ಳೆ ಹರಾಜು ಮುಗಿದಿತ್ತು. ಉಳಿದವರಿಗೆ ಸಿಗೋ ರೇಟು ಸಿಕ್ತು. ನನ್ನ ಮಾಲು ಮಾತ್ರ ಆಗಿದ್ರೆ ನುಂಗ್ಕೋತಿದ್ದೆ. ಅದರಲ್ಲಿ 35 ಬಾಕ್ಸು ಪಕ್ಕದ ಹೊಲದ ಅಕ್ಕನದು. ಅವರ ಮನೇಲಿ ದುಡಿಯೋ ಗಂಡಸರಿಲ್ಲ, ನನ್ನ ಗಾಡಿ ನಂಬಿ ಹಾಕಿ ಕಳಿಸ್ತಾರೆ.

ಬೆಳಿಗ್ಗೆ ಮೆಕ್ಯಾನಿಕ್ ಬಂದ. ಬಾನೆಟ್ ತೆಗೀತಾನೆ ಅಂತ ನಾನು ಮುಂದೆ ನಿಂತಿದ್ರೆ ಅವನು ಹಿಂದೆ ಹೋದ. ಟ್ಯಾಂಕಿನ ಮುಚ್ಚಳ ತೆಗೆದು ಕಿವಿ ಹತ್ತಿರ ಇಟ್ಟು, ಹುಡುಗನಿಗೆ "ಕೀ ಹಾಕು, ಸ್ಟಾರ್ಟ್ ಮಾಡ್ಬೇಡ" ಅಂದ. ಆಮೇಲೆ ನನ್ನನ್ನ ಕರೆದು "ಯಜಮಾನ್ರೇ, ಏನಾದ್ರೂ ಸದ್ದು ಕೇಳಿಸ್ತಾ?" ಅಂದ. ಇಲ್ಲ ಅಂದೆ. "ಕೇಳಿಸ್ಬೇಕಿತ್ತು. ಒಳಗೊಂದು ಮೋಟಾರ್ ಇದೆ. ನಿಮ್ಮ ಬೋರಿನಲ್ಲಿ ಸಬ್‌ಮರ್ಸಿಬಲ್ ಇಲ್ವಾ, ಹಂಗೇ ಇದು. ಸುಟ್ಟಿರಬೇಕು" ಅಂದ.

ಮೂವತ್ತು ವರ್ಷದಿಂದ ಡೀಸೆಲ್ ಗಾಡಿ, ಟ್ರ್ಯಾಕ್ಟರ್ ಜೊತೆ ಇದ್ದೀನಿ. ಡೀಸೆಲ್ ಟ್ಯಾಂಕಿನೊಳಗೆ ಕರೆಂಟಿನ ಮೋಟಾರು ಮುಳುಗಿಸಿ ಇಟ್ಟಿರ್ತಾರೆ ಅನ್ನೋದು ನನಗೆ ಗೊತ್ತಿರಲಿಲ್ಲ. ಆವಾಗಿಂದ ಇದು ಅಲ್ಲಿಗೆ ಹೋಗಿದ್ದು ಯಾಕೆ, ಹೆಂಗೆ ಅಂತ ಓದ್ತಾ, ಕೇಳ್ತಾ ಕೂತೆ. ತಿಳ್ಕೊಂಡಿದ್ದನ್ನ ಬರೀತೀನಿ.

ನಮ್ಮಪ್ಪನ ಕಾಲದಿಂದ ಶುರು ಮಾಡೋಣ. ನಮ್ಮ ತೆರೆದ ಬಾವಿ ಮೇಲೆ 5 ಎಚ್.ಪಿ. ಆಯಿಲ್ ಇಂಜಿನ್ ಇತ್ತು. ಆ ಕಾಲದಲ್ಲಿ ಎಷ್ಟೋ ಬಾವಿಗಳ ಮೇಲೆ ಕಿರ್ಲೋಸ್ಕರ್ ಇಂಜಿನ್ನೇ ಕೂತಿರ್ತಿತ್ತು. ಆ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿ ಬೆಳೆದವರು. ಪುಣೆಯಲ್ಲಿ ಅವರ ಆಯಿಲ್ ಇಂಜಿನ್ ಕಂಪನಿ ಶುರುವಾಗಿದ್ದು 1946ರಲ್ಲಿ. ಆ ಇಂಜಿನ್ನಿನಲ್ಲಿ ಡೀಸೆಲ್ ಟ್ಯಾಂಕು ತಲೆ ಮೇಲಿರ್ತಿತ್ತು. ಡೀಸೆಲ್ಲು ತನ್ನ ಭಾರಕ್ಕೆ ತಾನೇ ಇಳಿದು ಫಿಲ್ಟರಿಗೆ, ಅಲ್ಲಿಂದ ಪಂಪಿಗೆ ಬರೋದು. ಎತ್ತೋ ಕೆಲಸವೇ ಇಲ್ಲ. ಪೂರ್ತಿ ಖಾಲಿ ಆಗಿ ನಿಂತ್ರೆ ಮತ್ತೆ ಡೀಸೆಲ್ ಹಾಕಿ, ಸ್ಪ್ಯಾನರ್ ತಗೊಂಡು ಸ್ಕ್ರೂ ಸಡಿಲ ಮಾಡಿ ಏರ್ ಬಿಟ್ಟು, ಹ್ಯಾಂಡಲ್ ತಿರುಗಿಸಿದ್ರೆ ಡುಗ್ ಡುಗ್ ಅಂತ ಎದ್ದುಬಿಡೋದು. ಖಾಲಿ ಮಾಡಿದ್ದಕ್ಕೆ ಶಿಕ್ಷೆ ಅಂದ್ರೆ ಹತ್ತು ನಿಮಿಷ ಮತ್ತು ಕೈಯೆಲ್ಲ ಎಣ್ಣೆ, ಅಷ್ಟೇ.

ಮೋಟಾರು ಗಾಡಿಗಳೂ ಮೊದಮೊದಲು ಹೀಗೇ ಇದ್ವು. ಅಮೆರಿಕದಲ್ಲಿ 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರು ಪೆಟ್ರೋಲಿನದು. ಅದರ ಟ್ಯಾಂಕು ಸೀಟಿನ ಕೆಳಗೆ, ಪೆಟ್ರೋಲ್ ಇಳಿಜಾರಿನಲ್ಲಿ ಹರಿದು ಇಂಜಿನ್ನಿಗೆ ಹೋಗ್ಬೇಕು. ಕಡಿದಾದ ದಿಣ್ಣೆ ಹತ್ತುವಾಗ ಮೂತಿ ಮೇಲಾಗಿ, ಟ್ಯಾಂಕು ಕೆಳಗಾಗಿ, ಪೆಟ್ರೋಲ್ ಕಮ್ಮಿ ಇದ್ರೆ ಇಂಜಿನ್ ನಿಂತುಹೋಗೋದು. ಅದಕ್ಕೆ ಅಲ್ಲಿನ ಜನ ಕಾರನ್ನ ತಿರುಗಿಸಿ ರಿವರ್ಸಿನಲ್ಲಿ ದಿಣ್ಣೆ ಹತ್ತಿಸ್ತಿದ್ರಂತೆ. ಟ್ಯಾಂಕು ಹಿಂದಕ್ಕೂ ಕೆಳಕ್ಕೂ ಹೋದ ಮೇಲೆ ಎಣ್ಣೆ ಎಳ್ಕೊಳ್ಳೋಕೆ ಪಂಪು ಬೇಕೇ ಬೇಕಾಯ್ತು.

ಇನ್ನು ಡೀಸೆಲ್ ಇಂಜಿನ್. ರುಡಾಲ್ಫ್ ಡೀಸೆಲ್ ಅನ್ನೋ ಜರ್ಮನಿಯ ಇಂಜಿನಿಯರ್ 1893ರಲ್ಲಿ ಆಗ್ಸ್‌ಬರ್ಗ್ ಊರಿನಲ್ಲಿ ತನ್ನ ಮೊದಲ ಇಂಜಿನ್ ಪರೀಕ್ಷೆ ಶುರು ಮಾಡಿದ. ಅದು ಸರಿಯಾಗಿ ಓಡಿದ್ದು 1897ರಲ್ಲಿ. 1900ರಲ್ಲಿ ಪ್ಯಾರಿಸ್ಸಿನ ದೊಡ್ಡ ಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಸಣ್ಣ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲೂ ಓಡಿತ್ತು. ಕಡಲೆಕಾಯಿ ಬೆಳೆದ ನಮ್ಮಂಥವರು ಇದನ್ನ ನೆನಪಿಟ್ಕೋಬೇಕು. ಆದ್ರೆ ಆಗಿನ ಡೀಸೆಲ್ ಇಂಜಿನ್ ಲಾರಿಯಲ್ಲಿ ಕೂರೋಹಂಗೆ ಇರಲಿಲ್ಲ. ಸಿಲಿಂಡರಿನೊಳಗೆ ಎಣ್ಣೆ ನುಗ್ಗಿಸೋಕೆ ಒತ್ತಿಟ್ಟ ಗಾಳಿ ಬಳಸ್ತಿದ್ರು. ಆ ಗಾಳಿ ಒತ್ತೋಕೇ ಒಂದು ಭಾರಿ ಕಂಪ್ರೆಸರ್ ಬೇಕು. ಹಂಗಾಗಿ ಅದು ಕಾರ್ಖಾನೆಗೆ, ಹಡಗಿಗೆ ಸರಿಹೋಯ್ತು.

ಆ ಕಂಪ್ರೆಸರನ್ನ ತೆಗೆದು ಹಾಕಿದ್ದು ಒಳ್ಳೆ ಪಂಪು. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಂಪನಿ 1922ರ ಕೊನೆಯಲ್ಲಿ ಡೀಸೆಲ್ ಪಂಪ್ ಮಾಡೋ ಕೆಲಸಕ್ಕೆ ಕೈ ಹಾಕಿ, 1927ರಲ್ಲಿ ಸಾಲಾಗಿ ತಯಾರು ಮಾಡೋಕೆ ಶುರು ಮಾಡ್ತು. ಪಂಪಿನೊಳಗೆ ಸಿಲಿಂಡರಿಗೊಂದು ಸಣ್ಣ ಪ್ಲಂಜರ್. ಆ ಪ್ಲಂಜರಿಗೂ ಅದು ಓಡಾಡೋ ತೂತಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಮೂರು ಭಾಗ. ತಲೆಗೂದಲನ್ನ ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದ್ರೆ ಒಂದು ಸೀಳು ಅಲ್ಲಿ ತೂರಬಹುದೇನೋ. ಡೀಸೆಲ್ ಲಾರಿ, ಬಸ್ಸು, ಟ್ರ್ಯಾಕ್ಟರ್ ಲೋಕದ ತುಂಬ ಓಡಾಡೋಹಂಗೆ ಆಗಿದ್ದು ಈ ಪಂಪಿನ ದೆಸೆಯಿಂದ.

ಈ ಪಂಪು ನಮ್ಮ ಬೆಂಗಳೂರಿಗೂ ಬಂತು. 1951ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯ್ತು. ಅದೇ ನಾವು ಮೈಕೋ ಅಂತ ಕರೆಯೋದು, ಆಡುಗೋಡಿಯದು. 2008ರಲ್ಲಿ ಹೆಸರು ಬದಲಾಗಿ ಬಾಷ್ ಅಂತ ಆದ್ರೂ ನಮ್ಮ ಕಡೆ ಹಳೇ ಮೆಕ್ಯಾನಿಕ್‌ಗಳ ಬಾಯಲ್ಲಿ ಇನ್ನೂ ಮೈಕೋನೇ. 1954ರಲ್ಲಿ ಜಮ್‌ಷೆಡ್‌ಪುರದಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡಿದ್ರು. ಇಂಥ ಲಾರಿಗಳು ರಸ್ತೆ ತುಂಬಿದ ಹಂಗೆಲ್ಲ ಊರೂರಿನ ಬಸ್ ಸ್ಟ್ಯಾಂಡ್ ಹತ್ರ "ಪಂಪು ನಾಜಲ್ ಕೆಲಸ ಮಾಡಲಾಗುವುದು" ಅನ್ನೋ ಬೋರ್ಡೂ ಬಂತು.

ಆ ಕಾಲದ ಪಂಪಿನ ಎರಡು ಗುಣ ನೋಡಿ, ಕಥೆಗೆ ಮುಖ್ಯ. ಮೊದಲನೇದು, ಟ್ಯಾಂಕಿನಿಂದ ಡೀಸೆಲ್ ಎಳೆಯೋ ಸಣ್ಣ ಫೀಡ್ ಪಂಪು ದೊಡ್ಡ ಪಂಪಿನ ಪಕ್ಕದಲ್ಲೇ, ಕಣ್ಣಿಗೆ ಕಾಣೋ ಜಾಗದಲ್ಲಿ ಇತ್ತು. ಅದರ ಮೇಲೊಂದು ಗುಂಡಿ. ಡೀಸೆಲ್ ಖಾಲಿ ಆಗಿ ಏರ್ ತಗೊಂಡ್ರೆ ಗುಂಡಿ ಸಡಿಲಿಸಿ ಕೈಯಲ್ಲಿ ಪಚಕ್ ಪಚಕ್ ಅಂತ ಒತ್ತಿದ್ರೆ ಡೀಸೆಲ್ ಮೇಲೆ ಬರ್ತಿತ್ತು. ಕ್ಲೀನರ್ ಹುಡುಗನೂ ಮಾಡ್ತಿದ್ದ ಕೆಲಸ. ಎರಡನೇದು, ಆ ದೊಡ್ಡ ಪಂಪಿನ ಕೆಳಹೊಟ್ಟೆಯಲ್ಲಿ ಬೇರೆ ಆಯಿಲ್ ಇರ್ತಿತ್ತು. ಅದರ ಕ್ಯಾಮಿಗೆ, ರೋಲರಿಗೆ ಜಾರಿಕೆ ಕೊಡ್ತಿದ್ದದ್ದು ಆ ಆಯಿಲ್ಲು. ಡೀಸೆಲ್ ಸ್ವಲ್ಪ ಕೆಟ್ಟದಿದ್ರೂ, ಯಾರೋ ಸೀಮೆಎಣ್ಣೆ ಬೆರೆಸಿದ್ರೂ, ಹೊಗೆ ಕಾರ್ಕೊಂಡು ಒಂದಷ್ಟು ದಿನ ತಡ್ಕೋತಿತ್ತು. ನಾವು ಡೀಸೆಲ್ ಗಾಡಿ ಜೊತೆ ಹೆಂಗೆ ಬಾಳಬೇಕು ಅಂತ ಕಲಿತಿದ್ದು ಇಂಥ ಪಂಪಿನ ಹತ್ರ. ತಪ್ಪು ಮಾಡಿದ್ರೆ ಕ್ಷಮಿಸೋ ಮೇಷ್ಟ್ರು ಅದು.

ಆದ್ರೆ ದೂರದಿಂದ ಎಳೆಯೋದರಲ್ಲಿ ಒಂದು ತೊಂದರೆ ಇದೆ. ಇದನ್ನ ಬಾವಿ ಕಂಡವರಿಗೆ ಹೇಳಬೇಕಾಗಿಲ್ಲ. ಬಾವಿ ದಡದ ಮೇಲೆ ಕೂತ ಪಂಪು 25 ಅಡಿ ಹತ್ರ ಬರುತ್ತಿದ್ದಂಗೆ ಏದುಸಿರು ಬಿಡುತ್ತೆ. ಯಾಕೆ ಅನ್ನೋದಕ್ಕೆ ಇಟಲಿಯವರು ಸುಮಾರು ನಾನೂರು ವರ್ಷದ ಹಿಂದೆಯೇ ತಲೆ ಕೆಡಿಸ್ಕೊಂಡಿದ್ರು. ಎಳೆಯೋ ಪಂಪು ಒಂದು ಎತ್ತರ ದಾಟಿ ನೀರು ಎತ್ತಲ್ಲ ಅಂತ ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದ. ಅವನ ಶಿಷ್ಯ ಟೊರಿಚೆಲ್ಲಿ 1643ರಲ್ಲಿ ಪಾದರಸ ತುಂಬಿದ ಗಾಜಿನ ಕೊಳವೆ ಹಿಡಿದು ಕಾರಣ ಹೇಳಿದ. ಪಂಪು ನೀರನ್ನ ಎಳೆಯೋದೇ ಇಲ್ಲ. ಪಂಪು ಜಾಗ ಖಾಲಿ ಮಾಡುತ್ತೆ, ಹೊರಗಿನ ಗಾಳಿಯ ಭಾರ ನೀರನ್ನ ಮೇಲಕ್ಕೆ ತಳ್ಳುತ್ತೆ. ಆ ಗಾಳಿಗೆ ಇರೋ ತಾಕತ್ತು ಹೆಚ್ಚಂದ್ರೆ 33, 34 ಅಡಿ ನೀರು. ಪೈಪು, ವಾಲ್ವು, ಸೋರಿಕೆ ಎಲ್ಲ ಕಳೆದ್ರೆ ನಮಗೆ ಸಿಗೋದು 25 ಅಡಿ. ತಳ್ಳೋ ಪಂಪಿಗೆ ಈ ಮಿತಿ ಇಲ್ಲ, ಎಷ್ಟು ಶಕ್ತಿ ಕೊಡ್ತೀರೋ ಅಷ್ಟು ತಳ್ಳುತ್ತೆ.

ಅದಕ್ಕೇ ನಮ್ಮಪ್ಪ ನೀರು ಇಳಿದಂಗೆಲ್ಲ ಬಾವಿಯೊಳಗೆ ಕಲ್ಲು ಚಪ್ಪಡಿ ಇಟ್ಟು ಪಂಪನ್ನ ಒಂದೊಂದೇ ಮೆಟ್ಟಿಲು ಕೆಳಗಿಳಿಸಿದ್ದು. ಕೊನೆಗೆ ಬಾವಿ ಒಣಗಿ, ಬೋರ್ ಕೊರೆಸಿ, ಮೋಟಾರನ್ನೇ ನೀರೊಳಗೆ ಬಿಟ್ವಿ. ನೀರಿಗೆ ಮಾತ್ರ ಅಲ್ಲ, ಎಣ್ಣೆಗೂ ಇದನ್ನ ಮಾಡಿ ತೋರಿಸಿದ್ರು. ಅರ್ಮೈಸ್ ಅರುತುನೋಫ್ ಅಂತ, ರಷ್ಯಾದಿಂದ ಅಮೆರಿಕಕ್ಕೆ ಹೋದವನು, 1920ರ ದಶಕದ ಕೊನೆಗೆ ಕಾನ್ಸಾಸ್ ಕಡೆಯ ಎಣ್ಣೆ ಬಾವಿಯೊಳಗೆ ಕರೆಂಟ್ ಮೋಟಾರ್ ಇಳಿಸಿ ಎಣ್ಣೆ ಮೇಲಕ್ಕೆ ತಳ್ಳಿಸಿದ. ಮುಳುಗಿರೋ ಮೋಟಾರಿಗೆ ಇನ್ನೊಂದು ಲಾಭ, ಸುತ್ತ ಹರಿಯೋ ದ್ರವವೇ ಅದನ್ನ ತಣ್ಣಗಿಡುತ್ತೆ. ಅದೇ ಅದರ ಷರತ್ತೂ ಹೌದು. ದ್ರವ ಇಲ್ಲದೆ ತಿರುಗಿದ್ರೆ ಸುಡುತ್ತೆ.

ಲಾರಿಯಲ್ಲಿ ಟ್ಯಾಂಕಿಗೂ ಇಂಜಿನ್ನಿಗೂ 25 ಅಡಿ ಎತ್ತರ ಎಲ್ಲಿದೆ ಅಂತ ಕೇಳಬಹುದು. ಇಲ್ಲ, ನಿಜ. ಇಲ್ಲಿನ ಕಷ್ಟ ಬೇರೆ. ಎಳೆಯೋ ಪೈಪಿನಲ್ಲಿ ಸೂಜಿಮೊನೆಯಷ್ಟು ತೂತಿದ್ರೂ ಡೀಸೆಲ್ ಹೊರಗೆ ತೊಟ್ಟಿಕ್ಕಲ್ಲ, ಗಾಳಿ ಒಳಗೆ ಹೋಗುತ್ತೆ. ಎಲ್ಲಿ ಅಂತ ಹುಡುಕೋದೇ ಒಂದು ದಿನದ ಕೆಲಸ. ತಳ್ಳೋ ಪೈಪಾದ್ರೆ ತೂತಿದ್ದ ಕಡೆ ಒದ್ದೆ ಕಾಣುತ್ತೆ. ಹಳೇ ಪಂಪು ಸ್ವಲ್ಪ ಗಾಳಿ ಬಂದ್ರೂ ಕೆಮ್ಮಿಕೊಂಡು ಓಡ್ತಿತ್ತು. ಮುಂದೆ ಬಂದ ಪಂಪುಗಳು ಹಂಗಲ್ಲ.

1970ರ ದಶಕದಲ್ಲಿ ಸಣ್ಣ ಗಾಡಿಗಳಿಗೆ ಅಂತ ರೋಟರಿ ಪಂಪು ಹೆಚ್ಚಾಯ್ತು. ಅದರಲ್ಲಿ ಬೇರೆ ಆಯಿಲ್ ಇಲ್ಲ, ಹರಿಯೋ ಡೀಸೆಲ್ಲೇ ಜಾರಿಕೆ, ಡೀಸೆಲ್ಲೇ ತಂಪು. ಅದಾದ ಮೇಲೆ ಕಾಮನ್ ರೈಲ್. ಜಪಾನಿನಲ್ಲಿ 1995ರಲ್ಲಿ ಲಾರಿಗೆ, ಇಟಲಿಯ ಆಲ್ಫಾ ರೋಮಿಯೋ ಕಾರಿಗೆ 1997ರಲ್ಲಿ ಬಂತು. ಒಂದು ಗಟ್ಟಿ ಪೈಪಿನಲ್ಲಿ ಡೀಸೆಲನ್ನ ಭಾರಿ ಒತ್ತಡದಲ್ಲಿ ತುಂಬಿಟ್ಟು, ಕಂಪ್ಯೂಟರ್ ಹೇಳಿದಾಗ ನಾಜಲ್ ತೆಗೆದು ಮುಚ್ಚೋ ಏರ್ಪಾಡು. ಆ ಕಾರಿನಲ್ಲೇ ಒತ್ತಡ 1,350 ಬಾರ್ ಹತ್ರ ಇತ್ತು, ಈಗ 2,000 ದಾಟಿದ್ದೂ ಇದೆ. ಕಾರಿನ ಚಕ್ರದ ಗಾಳಿ ಎರಡು ಬಾರ್ ಚಿಲ್ಲರೆ, ಲೆಕ್ಕ ಹಾಕಿ. ಇಂಥ ಪಂಪಿಗೆ ಡೀಸೆಲ್ ಕೊರತೆ ಆದ್ರೆ ಒಳಗೆ ಲೋಹಕ್ಕೆ ಲೋಹ ಉಜ್ಜಿ ಪುಡಿ ಏಳುತ್ತೆ. ಆ ಪುಡಿ ನಾಜಲಿನವರೆಗೂ ಹೋಗುತ್ತೆ.

ಹೀಗಾಗಿ ಮುಂದಿನ ದೊಡ್ಡ ಪಂಪಿಗೆ ಹೊಟ್ಟೆ ತುಂಬ, ಗಾಳಿ ಇಲ್ಲದ ಡೀಸೆಲ್ಲು ಯಾವಾಗ್ಲೂ ಸಿಗಬೇಕಾಯ್ತು. ಅಮೆರಿಕದ ಡಾಡ್ಜ್ ರಾಮ್ ಪಿಕಪ್ಪಿನ ಕಥೆ ಇದಕ್ಕೆ ಒಳ್ಳೆ ಉದಾಹರಣೆ. 1998ರ ನಡುವಿನವರೆಗೆ ಅದರ ಕಮಿನ್ಸ್ ಇಂಜಿನ್ನಿಗೆ ಇಂಜಿನ್ನೇ ತಿರುಗಿಸೋ ಫೀಡ್ ಪಂಪಿತ್ತು. ಆಮೇಲೆ ಕರೆಂಟಿನ ಪಂಪು ಬಂತು, ಆದ್ರೆ ಅದನ್ನೂ ಇಂಜಿನ್ ಪಕ್ಕದಲ್ಲೇ ಕೂರಿಸಿದ್ರು. ಅಷ್ಟು ದೂರದಿಂದ ಎಳೆದೂ ಎಳೆದೂ ಅದು ಸೋಲೋದು. ಅದು ಸೋತ್ರೆ ಡೀಸೆಲ್ಲಿನಿಂದಲೇ ತಣ್ಣಗಾಗಬೇಕಿದ್ದ ದುಬಾರಿ ರೋಟರಿ ಪಂಪು ಜೊತೆಗೇ ಹೋಗೋದು. ಕೊನೆಗೆ ರಿಪೇರಿಗೆ ಬಂದ ಗಾಡಿಗಳಿಗೆ ಟ್ಯಾಂಕಿನೊಳಗೆ ಕೂರೋ ಪಂಪು ಕೊಟ್ರು, 2005ರ ಹೊತ್ತಿಗೆ ಹೊಸ ಗಾಡಿಗೂ ಟ್ಯಾಂಕಿನೊಳಗೇ ಬಂತು. ನಮ್ಮಪ್ಪ ಮೆಟ್ಟಿಲು ಮೆಟ್ಟಿಲಾಗಿ ಬಾವಿಗಿಳಿಸಿದ ಹಾಗೆಯೇ ಅಲ್ವಾ ಇದೂ?

ನಮ್ಮಲ್ಲಿ ಹೊಗೆ ನಿಯಮ ಬಿಗಿಯಾದಂಗೆಲ್ಲ ಕಾಮನ್ ರೈಲ್ ಸಾಮಾನ್ಯ ಆಯ್ತು. ದೇಶಕ್ಕೆಲ್ಲ ಬಿಎಸ್ 4 ಬಂದಿದ್ದು 2017ರ ಏಪ್ರಿಲ್‌ನಲ್ಲಿ, ಐದನ್ನ ಬಿಟ್ಟು ಬಿಎಸ್ 6 ಬಂದಿದ್ದು 2020ರ ಏಪ್ರಿಲ್ 1ಕ್ಕೆ. ಡೀಸೆಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಭಾಗ ಇದ್ದದ್ದು 10ಕ್ಕೆ ಇಳೀತು. ಎಲ್ಲ ಪಿಕಪ್ಪಿನಲ್ಲೂ ಟ್ಯಾಂಕಿನೊಳಗೆ ಪಂಪಿಲ್ಲ, ಅದನ್ನೂ ಹೇಳಿಬಿಡ್ತೀನಿ. ಕೆಲವಕ್ಕೆ ಈಗಲೂ ಮುಂದಿನ ಪಂಪೇ ಎಳ್ಕೊಳ್ಳುತ್ತೆ, ಫಿಲ್ಟರ್ ಹತ್ರ ಒತ್ತೋಕೆ ರಬ್ಬರ್ ಬುಡ್ಡಿ ಇರುತ್ತೆ. ನಿಮ್ಮ ಗಾಡಿ ಯಾವ ಜಾತಿ ಅಂತ ಕೇಳಿ ತಿಳ್ಕೊಳ್ಳಿ.

ಈಗ ನಮ್ಮ ಗಾಡಿಗೆ ಬರೋಣ. ಮೆಕ್ಯಾನಿಕ್ ಮೊದಲು ಫ್ಯೂಸ್, ರಿಲೇ ನೋಡಿದ. ಟ್ಯಾಂಕಿನ ಮೇಲಿನ ವೈರಿನ ಕೊಂಡಿ ಬಿಚ್ಚಿ ಮೀಟರ್ ಹಿಡಿದ, ಕರೆಂಟ್ ಬರ್ತಿದೆ. ಕರೆಂಟ್ ಬಂದೂ ಮೋಟಾರ್ ತಿರುಗಲ್ಲ ಅಂದ್ರೆ ಮೋಟಾರೇ ಹೋಗಿದೆ ಅಂತ ಲೆಕ್ಕ. ಇದನ್ನ ನೋಡದೆ ಟ್ಯಾಂಕ್ ಇಳಿಸಿದ್ರೆ ಎಷ್ಟೋ ಸಲ ಸಣ್ಣ ಫ್ಯೂಸಿಗೆ ದೊಡ್ಡ ಬಿಲ್ಲಾಗುತ್ತೆ ಅಂದ. ಬ್ಯಾಟರಿ ನೆಗೆಟಿವ್ ಬಿಚ್ಚಿ, ಉಳಿದ ಡೀಸೆಲ್ ಕ್ಯಾನಿಗೆ ಇಳಿಸಿ, ಜಾಕ್ ಕೊಟ್ಟು ಟ್ಯಾಂಕ್ ಕೆಳಗಿಳಿಸಿದ. ಮೇಲೆ ಅಂಗೈ ದಪ್ಪ ಮಣ್ಣು ಕೂತಿತ್ತು. ಅದನ್ನ ಪೂರ್ತಿ ತೊಳೆದು ಒರೆಸಿದ ಮೇಲೇ ಮುಚ್ಚಳದ ರಿಂಗಿಗೆ ಕೈ ಹಚ್ಚಿದ. ಮರದ ತುಂಡಿಟ್ಟು ಮೆಲ್ಲಗೆ ತಟ್ಟಿ ತಿರುಗಿಸಿದ, ಕಬ್ಬಿಣದ ಉಳಿ ಮುಟ್ಟಲಿಲ್ಲ, ಕಿಡಿ ಹಾರಬಾರದು ಅಂತ.

ಪಂಪು ಹೊರಗೆ ಬಂತು. ಒಂದು ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಮೋಟಾರು, ಬುಡದಲ್ಲಿ ಬಲೆ, ಪಕ್ಕದಲ್ಲಿ ಡೀಸೆಲ್ ಮಟ್ಟ ತೋರಿಸೋ ತೇಲು. ಬಲೆ ತುಂಬ ಕಪ್ಪು ಲೋಳೆ, ನೂಲಿನ ಎಳೆ, ರಬ್ಬರಿನ ಚೂರು. ಟ್ಯಾಂಕಿನ ತಳದಲ್ಲಿ ನೀರು. ನೀರೂ ಡೀಸೆಲ್ಲೂ ಸೇರೋ ಗೆರೆಯಲ್ಲಿ ಕಣ್ಣಿಗೆ ಕಾಣದ ಜೀವಿ ಬೆಳೆದು ಆ ಲೋಳೆ ಆಗುತ್ತಂತೆ.

ಮೆಕ್ಯಾನಿಕ್ ಕೇಳಿದ, "ಯಾವಾಗ್ಲೂ ಎಷ್ಟು ಡೀಸೆಲ್ ಹಾಕಿಸ್ತೀರ?" ಹುಡುಗ ನನ್ನ ಮುಖ ನೋಡಿದ. ಐನೂರು ರೂಪಾಯಿದು. ಅದು ನನ್ನದೇ ಕಾನೂನು. ಜಾಸ್ತಿ ಹಾಕಿಸಿದ್ರೆ ಜಾಸ್ತಿ ಸುತ್ತಾಡ್ತಾರೆ ಅಂತ. ಈಗ ಐನೂರಕ್ಕೆ ಆರು ಲೀಟರೂ ಬರಲ್ಲ. ನೂಲಿನ ಎಳೆಯೂ ನನ್ನದೇ. ಮನೇಲಿ ಕ್ಯಾನಿನಲ್ಲಿಟ್ಟ ಡೀಸೆಲನ್ನ ಹಳೇ ಪಂಚೆ ಬಟ್ಟೆಯಲ್ಲಿ ಸೋಸಿ ಹುಯ್ಯೋದು ಅಪ್ಪನಿಂದ ಕಲಿತಿದ್ದು.

ಅವನ ಲೆಕ್ಕ ಹೀಗೆ. ಮುಂದಿನ ಪಂಪಿಗೆ ಹೋಗಿ ಮಿಕ್ಕಿದ ಡೀಸೆಲ್ ಬಿಸಿಯಾಗಿ ಟ್ಯಾಂಕಿಗೆ ವಾಪಸ್ ಬರುತ್ತೆ. ಟ್ಯಾಂಕ್ ತುಂಬ ಇದ್ರೆ ಆ ಬಿಸಿ ಕರಗಿಹೋಗುತ್ತೆ, ಐದು ಲೀಟರ್ ಇದ್ರೆ ಅದೇ ಸುತ್ತಿ ಸುತ್ತಿ ಇನ್ನೂ ಕಾಯುತ್ತೆ. ಏರಿನಲ್ಲಿ ಡೀಸೆಲ್ ಒಂದು ಕಡೆ ವಾಲಿ ಪಂಪು ಗಾಳಿ ಕುಡಿಯುತ್ತೆ. ಖಾಲಿ ಜಾಗದ ತೇವ ರಾತ್ರಿ ತಣ್ಣಗಾಗಿ ನೀರಾಗಿ ಇಳಿಯುತ್ತೆ. ಮೇಲಿಂದ ಬಲೆ ಕಟ್ಟಿದ್ರೆ ಮೋಟಾರು ಎಷ್ಟು ದಿನ ತಡೆಯುತ್ತೆ?

ನನಗೆ ನಾಚಿಕೆ ಆಗಿದ್ದು ಇಲ್ಲಿ. ಬೋರಿನ ಮೋಟಾರು ನೀರಿಲ್ಲದೆ ತಿರುಗಬಾರದು ಅಂತ ಸ್ಟಾರ್ಟರಿಗೆ ಡ್ರೈ ರನ್ ಕಟ್ ಹಾಕಿಸಿದವನು ನಾನು. ಕರೆಂಟ್ ಬಂದಾಗ ರಾತ್ರಿ ಎದ್ದು ಆಂಪಿಯರ್ ನೋಡಿ ಬರ್ತೀನಿ. ಅದೇ ಮೋಟಾರಿನ ತಮ್ಮನನ್ನ ವರ್ಷಗಟ್ಟಲೆ ಅರೆಹೊಟ್ಟೆಯಲ್ಲಿ ಓಡಿಸಿದೆ. ತಿಂಗಳ ಹಿಂದೆ ಹುಡುಗ ಹೇಳಿದ್ದ, "ದೊಡ್ಡಪ್ಪ, ಹಿಂದೆ ಗುಂಯ್ ಅಂತ ಜೋರು ಸದ್ದು ಬರ್ತಿದೆ" ಅಂತ. "ಓಡ್ತಿದೆ ತಾನೆ, ಸುಮ್ನಿರು" ಅಂದಿದ್ದೆ. ಪಂಪು ಸಾಯೋ ಮುಂಚೆ ಹೇಳಿ ಸತ್ತಿತ್ತು. ಕೇಳಿಸ್ಕೊಂಡವನು ಹುಡುಗ, ಬೈಸ್ಕೊಂಡವನೂ ಅವನೇ.

ಟ್ಯಾಂಕ್ ತೊಳೆದು ಒಣಗಿಸಿ, ಹೊಸ ಪಂಪು, ಹೊಸ ರಬ್ಬರ್ ರಿಂಗ್ ಹಾಕಿ, ಬಾಣದ ಗುರುತು ಸರಿ ನೋಡಿ ಕೂರಿಸಿದ. ಫಿಲ್ಟರ್ ಹೊಸದು. 20 ಲೀಟರ್ ಡೀಸೆಲ್ ಹಾಕಿ ಐದಾರು ಸಲ ಕೀ ಆನ್ ಆಫ್ ಮಾಡಿಸಿದ. ಒಂದೊಂದು ಸಲಕ್ಕೂ ಎರಡು ಮೂರು ಸೆಕೆಂಡ್ ಸಣ್ಣಗೆ ಗುಂಯ್ ಅಂದು ನಿಲ್ತಿತ್ತು. ಆಮೇಲೆ ಸ್ಟಾರ್ಟ್ ಮಾಡಿದ್ರೆ ಎರಡನೇ ಸಲಕ್ಕೆ ಎದ್ದಿತು. ಎಲ್ಲೂ ಒದ್ದೆ ಇಲ್ಲ ಅಂತ ಕೈ ಸವರಿ ನೋಡಿ ಎದ್ದ. ಮುಂದಿನ ದೊಡ್ಡ ಪಂಪು ಉಳ್ಕೊಂಡಿದೆ. ಅದೂ ಹೋಗಿದ್ರೆ ಈ ಸೀಸನ್ನಿನ ಟೊಮೇಟೊ ದುಡ್ಡೆಲ್ಲ ಗ್ಯಾರೇಜಿಗೆ.

ನಮ್ಮ ಮನೆ ಕಾನೂನು ಈಗ ಬದಲಾಗಿದೆ. ಮುಳ್ಳು ಕಾಲು ಭಾಗಕ್ಕೆ ಬಂದ್ರೆ ತುಂಬಿಸೋದು. ಕ್ಯಾನಿನ ಡೀಸೆಲ್ ಪಿಕಪ್ಪಿಗೆ ಹುಯ್ಯಲೇಬೇಕಾದ್ರೆ ತಂತಿ ಬಲೆಯ ಫನಲ್ಲು, ಬಟ್ಟೆ ಇಲ್ಲ. ಫಿಲ್ಟರಿನ ಕೆಳಗಿನ ನೀರು ತಿಂಗಳಿಗೊಂದು ಸಲ ಬಿಡೋದು. ಬೆಳಿಗ್ಗೆ ಕೀ ಹಾಕಿದಾಗ ಹಿಂದಿನ ಸದ್ದು ಕೇಳಿಸ್ಕೊಳ್ಳೋದು, ಜೋರಾದ್ರೂ ಹೇಳೋದು, ಇಲ್ಲದಿದ್ರೂ ಹೇಳೋದು.

ಅಕ್ಕನಿಗೆ ಆವತ್ತಿನ ಮೊದಲ ಹರಾಜಿನ ರೇಟು ಲೆಕ್ಕ ಹಾಕಿ ಕೊಟ್ಟೆ. ಮೊದಲು ಬೇಡ ಅಂದ್ರು. "ಗಾಡಿ ನನ್ನದು, ತಪ್ಪೂ ನನ್ನದೇ ಅಕ್ಕ" ಅಂದ ಮೇಲೆ ತಗೊಂಡ್ರು. ಹುಡುಗನಿಗೆ ಏನು ಹೇಳ್ಬೇಕೋ ಗೊತ್ತಾಗಲಿಲ್ಲ. ನಿನ್ನೆ ರಾತ್ರಿ ಲೋಡ್ ಹೊರಡುವಾಗ ಮೂರು ಸಾವಿರ ಕೊಟ್ಟು "ಟ್ಯಾಂಕ್ ತುಂಬಿಸ್ಕೋ" ಅಂದೆ. ಒಂದು ಗಳಿಗೆ ನೋಡಿ ನಕ್ಕ.

ನಿಮ್ಮ ಗಾಡಿಯಲ್ಲಿ ಪಂಪು ಎಲ್ಲಿದೆ? ನೋಡಿ ಬರೀರಿ.